ಕ್ರ್ಯಾನ್‌ಬೆರಿ ಸಾಸ್

ಕ್ರ್ಯಾನ್‌ಬೆರಿ ಸಾಸ್ ಎಂಬುದು ಉತ್ತರ ಅಮೆರಿಕದ ಜೌಗು ನೆಲಗಳಲ್ಲಿ ಬೆಳೆಯುವ ಕ್ರ್ಯಾನ್‌ಬೆರಿ ಎಂಬ ಕೆಂಪು ಹುಳಿ ಹಣ್ಣನ್ನು ಸಕ್ಕರೆ ಮತ್ತು ನೀರಿನೊಡನೆ ಕುದಿಸಿ, ಆರಿದ ಮೇಲೆ ಲೇಹ್ಯದಂತೆ ಗಟ್ಟಿಯಾಗುವ ಹದದಲ್ಲಿ ಇಳಿಸಿ ಮಾಡುವ ಸಿಹಿಹುಳಿ ವ್ಯಂಜನ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ನಡೆಯುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿಯೂ ಕೆನಡದಲ್ಲಿ ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಬರುವ ಅದೇ ಹೆಸರಿನ ಹಬ್ಬದಲ್ಲಿಯೂ ಬ್ರಿಟನ್ನಿನ ಕ್ರಿಸ್‌ಮಸ್ ಊಟದಲ್ಲಿಯೂ ಇದನ್ನು ಟರ್ಕಿ ಕೋಳಿಯ ಮಾಂಸದ ಜೊತೆಗೆ ಬಡಿಸುತ್ತಾರೆ. 1621ರಲ್ಲಿ ಪ್ಲಿಮತ್ ವಸಾಹತಿನ ಇಂಗ್ಲಿಷರು ಸ್ಥಳೀಯ ವಾಂಪನೋಗ್ ಜನರೊಡನೆ ಉಂಡ ಸುಗ್ಗಿಯೂಟದಿಂದಲೇ ಇದು ಬಂದಿದೆ ಎಂಬ ನಂಬಿಕೆ ಅಮೆರಿಕದಲ್ಲಿ ವ್ಯಾಪಕವಾಗಿದ್ದರೂ ದಾಖಲೆಗಳು ಅದನ್ನು ಸಮರ್ಥಿಸುವುದಿಲ್ಲ. ಹಣ್ಣಿನ ಬಳಕೆ ಬಹು ಪ್ರಾಚೀನವಾದುದು, ಆದರೆ ಸಾಸ್ ಮನೆಮನೆಯ ಅಡುಗೆಯಾದದ್ದು ಸಕ್ಕರೆಯ ಬೆಲೆ ಇಳಿದ ಮೇಲೆ, ಜೌಗಿನ ಮೇಲೆ ಮರಳು ಹರಡುವ ಬೇಸಾಯ ರೂಢಿಗೆ ಬಂದ ಮೇಲೆ. ಅದು ದೇಶವ್ಯಾಪಿಯಾದದ್ದು ತಗಡಿನ ಡಬ್ಬಿಯಿಂದ.

ಸಸ್ಯ ಮತ್ತು ಹಣ್ಣು

ಕ್ರ್ಯಾನ್‌ಬೆರಿ ಎರಿಕೇಸೀ ಕುಟುಂಬದ ವ್ಯಾಕ್ಸಿನಿಯಮ್ ಕುಲಕ್ಕೆ ಸೇರಿದ, ನೆಲಕ್ಕೆ ಒರಗಿ ಹಬ್ಬುವ, ನಿತ್ಯಹಸುರಿನ ಸಣ್ಣ ಪೊದೆ. ಬ್ಲೂಬೆರಿ ಇದೇ ಕುಲದ್ದು. ನೀಲಗಿರಿ ಮತ್ತು ಪಶ್ಚಿಮ ಘಟ್ಟಗಳ ಇತರ ಎತ್ತರದ ಶ್ರೇಣಿಗಳ ಶೋಲಾ ಕಾಡಿನ ಅಂಚಿನಲ್ಲಿ ಕಾಣುವ ವ್ಯಾಕ್ಸಿನಿಯಮ್ ಲೆಶೆನಾಲ್ಟಿಯೈ ಎಂಬ ಮರವೂ ಈ ಕುಲದ್ದೇ. ವಾಣಿಜ್ಯ ಬೆಳೆಯಾಗಿರುವ ದೊಡ್ಡ ಹಣ್ಣಿನ ಅಮೆರಿಕನ್ ಪ್ರಭೇದಕ್ಕೆ ಲಂಡನ್ನಿನ ಕ್ಯೂ ಉದ್ಯಾನದ ವಿಲಿಯಂ ಏಟನ್ 1789ರಲ್ಲಿ ವ್ಯಾಕ್ಸಿನಿಯಮ್ ಮ್ಯಾಕ್ರೊಕಾರ್ಪಾನ್ ಎಂದು ಹೆಸರಿಟ್ಟನು. ಉತ್ತರ ಯುರೋಪ್ ಮತ್ತು ರಷ್ಯದ ಜೌಗುಗಳಲ್ಲಿ ಕಾಡುಬೆಳೆಯಾಗಿ ಸಿಗುವ ಸಣ್ಣ ಹಣ್ಣಿನ ಪ್ರಭೇದ ವ್ಯಾಕ್ಸಿನಿಯಮ್ ಆಕ್ಸಿಕಾಕಸ್.

ಹಿಮಯುಗದ ಕೊನೆಯಲ್ಲಿ ಹಿಮನದಿಗಳು ಉತ್ತರಕ್ಕೆ ಸರಿದಾಗ ಹಿಂದುಳಿದ ಮಂಜಿನ ಗಡ್ಡೆಗಳು ಕರಗಿ ಮ್ಯಾಸಚೂಸೆಟ್ಸ್‌ನಂಥ ಪ್ರದೇಶಗಳಲ್ಲಿ ಅಸಂಖ್ಯ ತಗ್ಗುಗಳು ಉಂಟಾದವು. ಅವುಗಳಲ್ಲಿ ಅರೆಕೊಳೆತ ಸಸ್ಯಭಾಗಗಳು ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಪೀಟ್ ಎಂಬ ಕಪ್ಪು, ಆಮ್ಲೀಯ ಮಣ್ಣು ಸಿದ್ಧವಾಯಿತು. ಉಳಿದ ಬಹುತೇಕ ಬೆಳೆಗಳು ಬದುಕಲಾಗದ ಈ ನೆಲ ಕ್ರ್ಯಾನ್‌ಬೆರಿಗೆ ಒಗ್ಗಿತು. ಕೆಂಪು ಹಣ್ಣುಗಳು ನೀರಿನ ಮೇಲೆ ತೇಲುತ್ತಿರುವ ಕೊಯ್ಲಿನ ಚಿತ್ರಗಳನ್ನು ಕಂಡವರು ಇದನ್ನು ನೀರೊಳಗಿನ ಬೆಳೆಯೆಂದು ಭಾವಿಸುವುದುಂಟು, ಆದರೆ ವರ್ಷದ ಹೆಚ್ಚು ಭಾಗ ಬಳ್ಳಿ ಇರುವುದು ಒಣ ಮೇಲ್ಮೈಯ ನೆಲದಲ್ಲೇ. ಚಳಿಗಾಲದ ಹಿಮದಿಂದ ಕಾಪಾಡಲು ಮತ್ತು ಕೊಯ್ಲಿಗೆ ಮಾತ್ರ ಗದ್ದೆಗೆ ನೀರು ತುಂಬುತ್ತಾರೆ. ಹಣ್ಣನ್ನು ಅಡ್ಡಲಾಗಿ ಕೊಯ್ದರೆ ಒಳಗೆ ನಾಲ್ಕು ಪೊಳ್ಳು ಗಾಳಿಗೂಡುಗಳೂ ಅವುಗಳಲ್ಲಿ ಸಣ್ಣ ಬೀಜಗಳೂ ಕಾಣುತ್ತವೆ. ಈ ಗಾಳಿಗೂಡುಗಳಿಂದಲೇ ಹಣ್ಣು ತೇಲುತ್ತದೆ, ಗಟ್ಟಿ ನೆಲಕ್ಕೆ ಬಿದ್ದರೆ ಪುಟಿಯುತ್ತದೆ, ಕುದಿಯುವ ನೀರಿನಲ್ಲಿ ಚಟ್ಟೆಂದು ಒಡೆಯುತ್ತದೆ. ಕೊಯ್ಲು, ವಿಂಗಡಣೆ, ಅಡುಗೆ ಮೂರೂ ಈ ಒಂದು ರಚನೆಯನ್ನೇ ಅವಲಂಬಿಸಿವೆ.

ನೂರು ಗ್ರಾಂ ಹಸಿ ಹಣ್ಣಿನಲ್ಲಿ ಸುಮಾರು 87 ಗ್ರಾಂ ನೀರೇ ಇದ್ದು, ಸಕ್ಕರೆಯ ಅಂಶ 4 ಗ್ರಾಂ ಸುತ್ತಮುತ್ತ ಮಾತ್ರ. ಸಿಟ್ರಿಕ್, ಮ್ಯಾಲಿಕ್, ಕ್ವಿನಿಕ್ ಆಮ್ಲಗಳು ಸೇರಿ ನಿಂಬೆರಸಕ್ಕೆ ಸಮೀಪದ ಹುಳಿಯನ್ನು ಕೊಡುತ್ತವೆ, ಸಿಪ್ಪೆಯ ಟ್ಯಾನಿನ್‌ಗಳು ಒಗರನ್ನು ಸೇರಿಸುತ್ತವೆ. ಜೊತೆಗೆ ಬೆಂಜೋಯಿಕ್ ಆಮ್ಲ, ಅಂದರೆ ಇಂದಿನ ಆಹಾರ ಕಾರ್ಖಾನೆಗಳು ಕೆಡದಂತೆ ಬೆರೆಸುವ ಸಂರಕ್ಷಕದ ಮೂಲವಸ್ತು, ಈ ಹಣ್ಣಿನಲ್ಲಿ ಸಹಜವಾಗಿಯೇ ಇದೆ. ಹಸಿಯಾಗಿ ತಿನ್ನಲು ಕಷ್ಟವಾದ ಹಣ್ಣು ಚಳಿಗಾಲವಿಡೀ ಕೆಡದೆ ಉಳಿಯುವುದಕ್ಕೆ ಇದೂ ಒಂದು ಕಾರಣ, ಮನುಷ್ಯರು ಅದನ್ನು ಬಿಡದೆ ಬಳಸುತ್ತ ಬಂದದ್ದಕ್ಕೂ ಇದೇ ಕಾರಣ.

ಸಕ್ಕರೆಗೆ ಮೊದಲು, ಸಕ್ಕರೆಯ ನಂತರ

ಯುರೋಪಿಯನ್ನರು ಬರುವುದಕ್ಕೆ ಬಹಳ ಮೊದಲೇ ವಾಂಪನೋಗ್, ನಾರಗ್ಯಾನ್ಸೆಟ್, ಲೆನಾಪೆ ಮುಂತಾದ ಮೂಲನಿವಾಸಿ ಜನಾಂಗಗಳು ಕ್ರ್ಯಾನ್‌ಬೆರಿಯನ್ನು ಹಸಿಯಾಗಿಯೂ ಒಣಗಿಸಿಯೂ ತಿನ್ನುತ್ತಿದ್ದವು, ಗಾಯಕ್ಕೆ ಕಟ್ಟುತ್ತಿದ್ದವು, ಬಣ್ಣಕ್ಕೆ ಬಳಸುತ್ತಿದ್ದವು. ಒಣಗಿಸಿದ ಜಿಂಕೆ ಮಾಂಸವನ್ನು ಕುಟ್ಟಿ, ಕರಗಿಸಿದ ಕೊಬ್ಬು ಮತ್ತು ಹಣ್ಣುಗಳ ಜೊತೆ ಕಲಸಿ ಬಿಲ್ಲೆ ಮಾಡಿ ದೂರಪ್ರಯಾಣಕ್ಕೂ ಚಳಿಗಾಲಕ್ಕೂ ಕಾಪಿಡುವ ಪೆಮಿಕನ್ ಎಂಬ ಬುತ್ತಿಗೂ ಇದನ್ನು ಸೇರಿಸುತ್ತಿದ್ದರು. ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಅಕ್ವಿನಾ ಊರಿನ ವಾಂಪನೋಗ್ ಸಮುದಾಯ ಇಂದಿಗೂ ಅಕ್ಟೋಬರ್ ತಿಂಗಳ ಎರಡನೆಯ ಮಂಗಳವಾರವನ್ನು ಕ್ರ್ಯಾನ್‌ಬೆರಿ ದಿನವಾಗಿ ಆಚರಿಸಿ, ಕಾಡು ಹಣ್ಣನ್ನು ಒಟ್ಟಾಗಿ ಕೊಯ್ಯುತ್ತದೆ. ಸಾಸ್‌ನ ಕಥೆಯನ್ನು ವಲಸಿಗರ ಹಬ್ಬದೂಟದಿಂದ ಆರಂಭಿಸುವ ವಾಡಿಕೆ ಈ ದೀರ್ಘ ಪರಂಪರೆಯನ್ನು ಮರೆಸಿಬಿಡುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

1621ರ ಊಟದ ಬಗ್ಗೆ ಎಡ್ವರ್ಡ್ ವಿನ್‌ಸ್ಲೊ ಬರೆದ ಪತ್ರದಲ್ಲಿ ಬೇಟೆಯಾಡಿ ತಂದ ಹಕ್ಕಿಗಳೂ ವಾಂಪನೋಗ್ ಜನರು ತಂದ ಐದು ಜಿಂಕೆಗಳೂ ಬರುತ್ತವೆಯೇ ಹೊರತು ಕ್ರ್ಯಾನ್‌ಬೆರಿಯ ಮಾತಿಲ್ಲ. ಹಣ್ಣು ಆ ಸೀಮೆಯಲ್ಲಿ ಸಿಗುತ್ತಿದ್ದುದರಿಂದ ಯಾವುದಾದರೂ ಪದಾರ್ಥಕ್ಕೆ ಹುಳಿಗಾಗಿ ಬಿದ್ದಿರಬಹುದು, ಆದರೆ ವಸಾಹತು ಸ್ಥಾಪನೆಯಾದ ಮರುವರ್ಷವೇ ಹಣ್ಣಿನ ಅರ್ಧದಷ್ಟಾದರೂ ಸಕ್ಕರೆ ಬೇಡುವ ಸಾಸ್ ಮಾಡುವಷ್ಟು ಸಕ್ಕರೆ ಆ ವಲಸಿಗರ ಬಳಿ ಉಳಿದಿತ್ತೆಂದು ಭಾವಿಸುವುದು ಕಷ್ಟ. 1643ರಲ್ಲಿ ನಾರಗ್ಯಾನ್ಸೆಟ್ ಭಾಷೆಯ ಕುರಿತು ಪುಸ್ತಕ ಪ್ರಕಟಿಸಿದ ರೋಜರ್ ವಿಲಿಯಮ್ಸ್ ಈ ಹುಳಿ ಹಣ್ಣಿನ ಸಿಹಿ ಪಾಕ ಜ್ವರಕ್ಕೆ ಒಳ್ಳೆಯದೆಂದು ದಾಖಲಿಸಿದ್ದಾನೆ. ಅಂದರೆ ಆಗಿನ್ನೂ ಅದರ ಸ್ಥಾನ ಔಷಧಕ್ಕೂ ಆಹಾರಕ್ಕೂ ನಡುವೆ. ಮಾಂಸದ ಜೊತೆ ತಿನ್ನುವ ಸಾಸ್‌ನ ಸ್ಪಷ್ಟ ಉಲ್ಲೇಖ ಬರುವುದು ಜಾನ್ ಜಾಸೆಲಿನ್ 1672ರಲ್ಲಿ ನ್ಯೂ ಇಂಗ್ಲೆಂಡಿನ ಸಸ್ಯ ಮತ್ತು ಪ್ರಾಣಿಗಳ ಬಗ್ಗೆ ಪ್ರಕಟಿಸಿದ ಕೃತಿಯಲ್ಲಿ: ಮೂಲನಿವಾಸಿಗಳೂ ಇಂಗ್ಲಿಷರೂ ಇದನ್ನು ಸಕ್ಕರೆ ಹಾಕಿ ಕುದಿಸಿ ಮಾಂಸದ ಜೊತೆ ತಿನ್ನುತ್ತಾರೆಂದೂ ವಿಶೇಷವಾಗಿ ಕುರಿಮಾಂಸಕ್ಕೆ ಅದು ಹೊಂದುತ್ತದೆಂದೂ ಆತ ಹೇಳುತ್ತಾನೆ. ಐದು ವರ್ಷಗಳ ನಂತರ, 1677ರಲ್ಲಿ, ಮುನಿಸಿಕೊಂಡಿದ್ದ ದೊರೆ ಎರಡನೆಯ ಚಾರ್ಲ್ಸ್‌ನನ್ನು ಸಮಾಧಾನಪಡಿಸಲು ಮ್ಯಾಸಚೂಸೆಟ್ಸ್ ವಸಾಹತು ಕಳುಹಿಸಿದ ಕಾಣಿಕೆಯಲ್ಲಿ ಮೂರು ಸಾವಿರ ಕಾಡ್ ಮೀನು ಮತ್ತು ಮೆಕ್ಕೆಜೋಳದ ನುಚ್ಚಿನ ಜೊತೆ ಹತ್ತು ಬ್ಯಾರೆಲ್ ಕ್ರ್ಯಾನ್‌ಬೆರಿಯೂ ಇತ್ತು. ಅಟ್ಲಾಂಟಿಕ್ ದಾಟುವಷ್ಟು ದಿನ ಕೆಡದೆ ಉಳಿಯುವ ಹಣ್ಣೆಂಬ ನಂಬಿಕೆಯಿಲ್ಲದೆ ಅದನ್ನು ಅರಸನಿಗೆ ಕಳುಹಿಸುತ್ತಿರಲಿಲ್ಲ.

ಜಾಸೆಲಿನ್ ಕಂಡ ಸಕ್ಕರೆ ಬಂದದ್ದು ಕೆರಿಬಿಯನ್ ದ್ವೀಪಗಳಿಂದ. ನ್ಯೂ ಇಂಗ್ಲೆಂಡಿನ ವ್ಯಾಪಾರಿಗಳು ಉಪ್ಪು ಹಾಕಿ ಒಣಗಿಸಿದ ಮೀನನ್ನೂ ಮರಮುಟ್ಟನ್ನೂ ಆ ದ್ವೀಪಗಳಿಗೆ ಒಯ್ದು, ಸಕ್ಕರೆ ಮತ್ತು ಕಾಕಂಬಿಯನ್ನು ತರುತ್ತಿದ್ದರು. ಯುರೋಪಿನ ಮಾರುಕಟ್ಟೆಗೆ ನಡೆಯದ ಕೀಳು ದರ್ಜೆಯ ಮೀನು ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕನ್ ಗುಲಾಮರ ಆಹಾರವಾಗುತ್ತಿತ್ತು. ಕ್ರ್ಯಾನ್‌ಬೆರಿ ಸಾಸ್ ನ್ಯೂ ಇಂಗ್ಲೆಂಡಿನ ನೆಲದ ಸರಳ ಗ್ರಾಮೀಣ ಅಡುಗೆಯೆಂಬ ಚಿತ್ರದಲ್ಲಿ ಈ ಅರ್ಧ ಕಾಣಿಸುವುದೇ ಇಲ್ಲ. ಹಣ್ಣು ಊರಿನದಾದರೂ ಅದನ್ನು ತಿನ್ನುವಂತೆ ಮಾಡಿದ ಸಿಹಿಯ ಹಿಂದೆ ಗುಲಾಮಗಿರಿಯ ಅರ್ಥವ್ಯವಸ್ಥೆ ಇತ್ತು.

ಟರ್ಕಿ ಮತ್ತು ಕ್ರ್ಯಾನ್‌ಬೆರಿಯ ಜೋಡಿ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 1796ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಅಮೀಲಿಯಾ ಸಿಮ್ಮನ್ಸ್ ಪ್ರಕಟಿಸಿದ ‘ಅಮೆರಿಕನ್ ಕುಕರಿ’ಯಲ್ಲಿ. ಅಮೆರಿಕನ್ ಲೇಖಕಿಯೊಬ್ಬರು ಅಮೆರಿಕದಲ್ಲೇ ಬರೆದು ಪ್ರಕಟಿಸಿದ ಮೊದಲ ಪಾಕಪುಸ್ತಕವೆಂದು ಪರಿಗಣಿತವಾಗಿರುವ ಈ ಕೃತಿ ಟರ್ಕಿಯನ್ನು ಬೇಯಿಸಿದ ಈರುಳ್ಳಿ, ಕ್ರ್ಯಾನ್‌ಬೆರಿ ಸಾಸ್, ಮಾವು, ಉಪ್ಪಿನಕಾಯಿ ಅಥವಾ ಸೆಲರಿಯ ಜೊತೆ ಬಡಿಸಬೇಕೆನ್ನುತ್ತದೆ. ಇಲ್ಲಿ ಮಾವು ಎಂದರೆ ಮಾವಿನ ಹಣ್ಣಲ್ಲ. ಭಾರತದಿಂದ ಹಡಗಿನಲ್ಲಿ ಹೋಗುತ್ತಿದ್ದ ಮಾವಿನ ಉಪ್ಪಿನಕಾಯಿಯನ್ನು ಅನುಕರಿಸಿ ಎಳೆ ಕರಬೂಜದಂಥ ಕಾಯಿಗಳಿಗೆ ಮಸಾಲೆ ತುಂಬಿ ಹುಳಿಯಲ್ಲಿ ನೆನೆಹಾಕಿದ ಪದಾರ್ಥವನ್ನು ಅಂದಿನ ಇಂಗ್ಲಿಷ್ ಗೃಹಿಣಿಯರು ಹಾಗೆ ಕರೆಯುತ್ತಿದ್ದರು. ಹಣ್ಣನ್ನು ಬೇಯಿಸಿ ಸೋಸಿ ಸಿಹಿ ಸೇರಿಸಿ ಹಿಟ್ಟಿನ ಹಾಳೆಯ ಮೇಲೆ ಹರಡಿ ಸುಡುವ ಕ್ರ್ಯಾನ್‌ಬೆರಿ ಟಾರ್ಟ್‌ನ ವಿಧಾನವೂ ಈ ಪುಸ್ತಕದಲ್ಲಿದೆ. 1863ರಲ್ಲಿ, ಪತ್ರಿಕಾ ಸಂಪಾದಕಿ ಸಾರಾ ಜೊಸೆಫಾ ಹೇಲ್ ದಶಕಗಳ ಕಾಲ ನಡೆಸಿದ ಒತ್ತಾಯದ ನಂತರ, ಅಧ್ಯಕ್ಷ ಅಬ್ರಹಾಂ ಲಿಂಕನ್ ಥ್ಯಾಂಕ್ಸ್‌ಗಿವಿಂಗ್ ಅನ್ನು ರಾಷ್ಟ್ರೀಯ ಆಚರಣೆಯಾಗಿ ಘೋಷಿಸಿದಾಗ ನ್ಯೂ ಇಂಗ್ಲೆಂಡಿನ ಈ ಪ್ರಾದೇಶಿಕ ಊಟ ಇಡೀ ದೇಶದ ಹಬ್ಬದೂಟವಾಗುವ ದಾರಿ ತೆರೆಯಿತು.

ಬೇಸಾಯ ಮತ್ತು ದುಡಿದವರು

ಕಾಡಿನ ಹಣ್ಣು ಬೆಳೆಯಾಗಿ ಬದಲಾದದ್ದು ಕೇಪ್ ಕಾಡ್ ಪರ್ಯಾಯದ್ವೀಪದ ಡೆನ್ನಿಸ್ ಎಂಬ ಊರಿನಲ್ಲಿ. ಅಲ್ಲಿನ ಹೆನ್ರಿ ಹಾಲ್ ಎಂಬ ಮಾಜಿ ಸೈನಿಕ 1816ರ ಸುಮಾರಿಗೆ, ಕಡಲ ಗಾಳಿಗೆ ಮರಳು ಹಾರಿ ಬಂದು ಮುಚ್ಚಿದ ಕಡೆ ಬಳ್ಳಿಗಳು ಸಾಯುವ ಬದಲು ಹೆಚ್ಚು ಹುಲುಸಾಗಿ ಬೆಳೆಯುವುದನ್ನು ಗಮನಿಸಿ, ಬೇಕೆಂದೇ ಮರಳು ಹರಡಿ ಬಳ್ಳಿ ನೆಡತೊಡಗಿದನು. ಮರಳಿನಡಿ ಸಿಕ್ಕ ಕಾಂಡ ಹೊಸ ಬೇರು ಬಿಟ್ಟು ಹೊಸ ಚಿಗುರು ಕಳಿಸುತ್ತದೆ, ಕಳೆ ಮತ್ತು ಕೀಟಗಳ ಕಾಟ ಕಡಮೆಯಾಗುತ್ತದೆ. ಇಂದಿಗೂ ಬೆಳೆಗಾರರು ಕೆಲವು ವರ್ಷಗಳಿಗೊಮ್ಮೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಗದ್ದೆಯ ಮೇಲೆ ತೆಳುವಾಗಿ ಮರಳು ಹರಡುತ್ತಾರೆ. ವಸಂತದಲ್ಲಿ ಮಂಜು ಕರಗಿದಂತೆ ಅದು ಸಮನಾಗಿ ಇಳಿದು ಬಳ್ಳಿಯ ಬುಡಕ್ಕೆ ಕೂರುತ್ತದೆ. ಚೆನ್ನಾಗಿ ನೋಡಿಕೊಂಡ ಬಳ್ಳಿ ನೂರು ವರ್ಷ ದಾಟಿಯೂ ಫಲ ಕೊಡುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕೇಪ್ ಕಾಡ್‌ನ ಹಡಗಿನ ಕಪ್ತಾನರು ತಮ್ಮ ಹಣವನ್ನು ಜೌಗು ನೆಲಗಳಲ್ಲಿ ಹೂಡಿದರು. ಹಣ್ಣನ್ನು ಬ್ಯಾರೆಲ್‌ಗಳಲ್ಲಿ ತುಂಬಿ, ಸಿ ಜೀವಸತ್ವದ ಕೊರತೆಯಿಂದ ವಸಡು ಕೊಳೆಯುವ ಸ್ಕರ್ವಿ ರೋಗವನ್ನು ತಡೆಯಲು ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ಒಯ್ಯುತ್ತಿದ್ದರು. ಬ್ಯಾರೆಲ್ ಮರೆಯಾದರೂ ಅಳತೆ ಉಳಿದಿದೆ: 100 ಪೌಂಡ್, ಅಂದರೆ ಸುಮಾರು 45 ಕಿಲೋಗ್ರಾಂ ತೂಕದ ‘ಬ್ಯಾರೆಲ್’ ಇಂದಿಗೂ ಈ ಬೆಳೆಯ ಲೆಕ್ಕದ ಮಾನ.

ನ್ಯೂ ಜರ್ಸಿಯಲ್ಲಿ ಜಾನ್ ವೆಬ್ ಎಂಬ ಬೆಳೆಗಾರ, ಮರದ ಕಾಲಿನಿಂದಾಗಿ ಚೀಲ ಹೊತ್ತು ಅಟ್ಟದಿಂದ ಇಳಿಯಲಾರದೆ ಹಣ್ಣನ್ನು ಮೆಟ್ಟಿಲ ಮೇಲೆ ಸುರಿಯುತ್ತಿದ್ದನೆಂದೂ, ಗಟ್ಟಿ ಹಣ್ಣುಗಳು ಪುಟಿಯುತ್ತ ಕೆಳಗೆ ಬಂದರೆ ಕೊಳೆತವು ಮೆಟ್ಟಿಲ ಮೇಲೇ ಉಳಿಯುತ್ತಿದ್ದವೆಂದೂ ಪ್ರತೀತಿ. ಇದೇ ತತ್ತ್ವದ ಮೇಲೆ, ಮರದ ಅಡ್ಡಹಲಗೆಯನ್ನು ಪುಟಿದು ದಾಟಿದ ಹಣ್ಣನ್ನು ಮಾತ್ರ ಒಪ್ಪುವ ವಿಂಗಡಣಾ ಯಂತ್ರಗಳು ಬಂದವು.

ಕೊಯ್ಲು ಮಾತ್ರ ಬಹುಕಾಲ ಮೊಣಕಾಲೂರಿ ಮಾಡುವ ಕೈಗೆಲಸವಾಗಿಯೇ ಉಳಿಯಿತು. ಸಾಲುಸಾಲಾಗಿ ಹಲ್ಲುಗಳಿದ್ದ ಮರದ ಬಾಚಣಿಕೆ ಮೊರಗಳಿಂದ ಬಳ್ಳಿಯನ್ನು ಬಾಚಿ ಹಣ್ಣು ತೆಗೆಯುವ ಈ ಕೆಲಸಕ್ಕೆ ಮ್ಯಾಸಚೂಸೆಟ್ಸ್‌ನಲ್ಲಿ ಪಶ್ಚಿಮ ಆಫ್ರಿಕದ ಕರಾವಳಿಯಾಚೆಯ ಕೇಪ್ ವರ್ಡೆ ದ್ವೀಪಗಳಿಂದ ಬಂದ ವಲಸಿಗರೂ, ನ್ಯೂ ಜರ್ಸಿಯಲ್ಲಿ ಫಿಲಡೆಲ್ಫಿಯ ನಗರದಿಂದ ಕರೆತರುತ್ತಿದ್ದ ಇಟಾಲಿಯನ್ ಕುಟುಂಬಗಳೂ, ವಿಸ್ಕಾನ್ಸಿನ್‌ನಲ್ಲಿ ಹೋ-ಚಂಕ್ ಮೂಲನಿವಾಸಿಗಳೂ ಆಧಾರವಾಗಿದ್ದರು. ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ಸಮಿತಿಗಾಗಿ ಛಾಯಾಗ್ರಾಹಕ ಲೂಯಿಸ್ ಹೈನ್ 1910 ಮತ್ತು 1911ರಲ್ಲಿ ಈ ಗದ್ದೆಗಳಲ್ಲಿ ತೆಗೆದ ಚಿತ್ರಗಳಲ್ಲಿ, ಶಾಲೆಯಲ್ಲಿರಬೇಕಾದ ಮಕ್ಕಳು ಹಣ್ಣು ತುಂಬಿದ ಪೆಟ್ಟಿಗೆಗಳನ್ನು ಹೊತ್ತು ನಿಂತಿರುವುದನ್ನು ಕಾಣಬಹುದು. 1933ರಲ್ಲಿ ವೇರ್‌ಹ್ಯಾಮ್ ಸುತ್ತಮುತ್ತಲಿನ ಕಾರ್ಮಿಕರು ಕೂಲಿಗಾಗಿ ಮುಷ್ಕರ ಹೂಡಿದರು. ಹಬ್ಬದ ಮೇಜಿನ ಇತಿಹಾಸ ಬರೆಯುವವರು ಈ ಹೆಸರಿಲ್ಲದ ಕೈಗಳಿಗೆ ಕೊಡುವ ಜಾಗ ಸಾಲದು. 1960ರ ದಶಕದಿಂದ ಗದ್ದೆಗೆ ನೀರು ತುಂಬಿ, ಯಂತ್ರದಿಂದ ಬಳ್ಳಿಯನ್ನು ಬಡಿದು, ತೇಲಿಬಂದ ಹಣ್ಣನ್ನು ಒಂದೆಡೆ ಕೂಡಿಸಿ ಹೀರಿಕೊಳ್ಳುವ ಪದ್ಧತಿ ಹಬ್ಬಿತು. ನೀರಿನಲ್ಲಿ ನೆನೆದ ಹಣ್ಣು ಬೇಗ ಕೆಡುವುದರಿಂದ ಅದು ನೇರ ಕಾರ್ಖಾನೆಗೆ ಹೋಗುತ್ತದೆ. ಮನೆಯ ಅಡುಗೆಗೆಂದು ಅಂಗಡಿಯಲ್ಲಿ ಸಿಗುವ ತಾಜಾ ಹಣ್ಣು ಒಣ ಗದ್ದೆಯಲ್ಲಿ ಕೊಯ್ದದ್ದು, ಮತ್ತು ಅದು ಒಟ್ಟು ಬೆಳೆಯ ಸಣ್ಣದೊಂದು ಪಾಲು. ಅಮೆರಿಕದ ಇಂದಿನ ವಾರ್ಷಿಕ ಬೆಳೆ ಸುಮಾರು 80 ಲಕ್ಷ ಬ್ಯಾರೆಲ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಿಸ್ಕಾನ್ಸಿನ್ ರಾಜ್ಯದ್ದು.

ಡಬ್ಬಿಯ ಸಾಸ್

ಮ್ಯಾಸಚೂಸೆಟ್ಸ್‌ನ ವಕೀಲ ಹಾಗೂ ಬೆಳೆಗಾರ ಮಾರ್ಕಸ್ ಯೂರಾನ್ 1912ರಲ್ಲಿ ಹ್ಯಾನ್ಸನ್ ಎಂಬ ಊರಿನಲ್ಲಿ ಸಾಸ್ ಅನ್ನು ತಗಡಿನ ಡಬ್ಬಿಗೆ ತುಂಬಿ ಮಾರಲಾರಂಭಿಸಿದನು. ಕೆಲವೇ ವಾರಗಳ ಕೊಯ್ಲಿನಲ್ಲಿ ಮಾರುಕಟ್ಟೆಗೆ ಒಮ್ಮೆಲೇ ಬಂದು ಬೆಲೆ ಕುಸಿಯುತ್ತಿದ್ದ ಹಣ್ಣನ್ನು ವರ್ಷವಿಡೀ ಮಾರುವುದೂ, ಗುರುತು ಬಿದ್ದು ತಾಜಾ ಮಾರಾಟಕ್ಕೆ ಸಲ್ಲದ ಹಣ್ಣಿಗೆ ಬೆಲೆ ತರುವುದೂ ಆತನ ಉದ್ದೇಶವಾಗಿತ್ತು. 1930ರಲ್ಲಿ ಆತನ ಸಂಸ್ಥೆ ಜಾನ್ ಮೇಕ್‌ಪೀಸ್ ಮತ್ತು ನ್ಯೂ ಜರ್ಸಿಯ ಎಲಿಜಬೆತ್ ಲೀ ಅವರ ಸಂಸ್ಥೆಗಳ ಜೊತೆಗೂಡಿ ಬೆಳೆಗಾರರದೇ ಸಹಕಾರ ಸಂಘವಾಯಿತು. ಮುಂದೆ ಅದೇ ಓಷನ್ ಸ್ಪ್ರೇ ಎಂಬ ಹೆಸರು ಪಡೆಯಿತು. ಹಣ್ಣನ್ನು ಸಿಪ್ಪೆ ಬೀಜಗಳಿಲ್ಲದಂತೆ ಸೋಸಿ, ಡಬ್ಬಿಯಲ್ಲೇ ಹೆಪ್ಪುಗಟ್ಟಿಸಿದ ಜೆಲ್ಲಿ ಸಾಸ್ 1941ರಿಂದ ದೇಶದಾದ್ಯಂತ ಸಿಗತೊಡಗಿತು. ಡಬ್ಬಿಯ ಗೆರೆಗಳೆಲ್ಲ ಮೈಮೇಲೆ ಮೂಡಿದ ಆ ಕೆಂಪು ಉರುಳೆಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಬಡಿಸುವುದು ಎಷ್ಟೋ ಅಮೆರಿಕನ್ ಕುಟುಂಬಗಳಿಗೆ ಇಂದು ಹಬ್ಬದ ಪರಂಪರೆಯೇ ಆಗಿದೆ.

1959ರ ನವೆಂಬರ್ 9ರಂದು, ಹಬ್ಬಕ್ಕೆ ಹದಿನೇಳು ದಿನ ಉಳಿದಿರುವಾಗ, ಕೇಂದ್ರ ಆರೋಗ್ಯ ಖಾತೆಯ ಕಾರ್ಯದರ್ಶಿ ಆರ್ಥರ್ ಫ್ಲೆಮಿಂಗ್ ಪಶ್ಚಿಮ ಕರಾವಳಿಯ ಕೆಲವು ಹಣ್ಣುಗಳಲ್ಲಿ ಅಮಿನೋಟ್ರಯಜೋಲ್ ಎಂಬ ಕಳೆನಾಶಕ ಪತ್ತೆಯಾಗಿದೆಯೆಂದು ಪ್ರಕಟಿಸಿದನು. ಕೊಯ್ಲಿನ ನಂತರ ಮಾತ್ರ ಸಿಂಪಡಿಸಬೇಕಾಗಿದ್ದ ಈ ರಾಸಾಯನಿಕ ಪ್ರಯೋಗಶಾಲೆಯ ಇಲಿಗಳ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಉಂಟುಮಾಡಿತ್ತು. ಅಂಗಡಿಗಳು ಹಣ್ಣನ್ನು ಹಿಂತೆಗೆದವು, ಮಾರಾಟ ನೆಲಕಚ್ಚಿತು, ಅಧ್ಯಕ್ಷರ ನಿವಾಸದ ಹಬ್ಬದೂಟದಲ್ಲೂ ಸೇಬಿನ ಸಾಸ್ ಬಡಿಸಲಾಯಿತು. ವಿಸ್ಕಾನ್ಸಿನ್‌ನಲ್ಲಿ ಪ್ರಚಾರಕ್ಕೆ ಬಂದಿದ್ದ ರಿಚರ್ಡ್ ನಿಕ್ಸನ್ ಸಾಸ್ ತಿಂದೂ ಜಾನ್ ಕೆನಡಿ ಹಣ್ಣಿನ ರಸ ಕುಡಿದೂ ಬೆಳೆಗಾರರಿಗೆ ಧೈರ್ಯ ತುಂಬಿದರು. ಒಂದೇ ಹಬ್ಬವನ್ನು ನಂಬಿ ಕೂರುವ ಅಪಾಯವನ್ನು ಅರಿತ ಉದ್ಯಮ ಆಮೇಲೆ ಪಾನೀಯಗಳತ್ತಲೂ, ರಸ ತೆಗೆದ ಸಿಪ್ಪೆಗೆ ಸಕ್ಕರೆ ಪಾಕ ಹೀರಿಸಿ ಒಣಗಿಸಿದ ತಿನಿಸಿನತ್ತಲೂ ಹೊರಳಿತು.

ಮನೆಯ ಸಾಸ್ ಮತ್ತು ಇತರ ಅಡುಗೆಗಳು

ಮನೆಯಲ್ಲಿ ಮಾಡುವ ಸಾಸ್‌ನ ರೂಢಿಯ ಅಳತೆ ಸರಳವಾದುದು: 340 ಗ್ರಾಂ ಹಣ್ಣಿಗೆ ಒಂದು ಬಟ್ಟಲು ಸಕ್ಕರೆ, ಒಂದು ಬಟ್ಟಲು ನೀರು. ಹುಳಿ ತೀವ್ರವಾಗಿರುವುದರಿಂದ ಕಲಾಯಿಯಿಲ್ಲದ ತಾಮ್ರ, ಕಬ್ಬಿಣ, ಅಲ್ಯುಮಿನಿಯಂ ಪಾತ್ರೆಗಳು ಸಲ್ಲವು. ಸ್ಟೀಲಿನ ಪಾತ್ರೆಯಲ್ಲಿ ಮೊದಲು ಸಕ್ಕರೆ ನೀರನ್ನು ಕುದಿಗೆ ತಂದು, ಮೆತ್ತಗಾದ ಹಣ್ಣುಗಳನ್ನು ಆರಿಸಿ ತೆಗೆದು, ಉಳಿದುದನ್ನು ತೊಳೆದು ಹಾಕಬೇಕು. ಒಳಗಿನ ಗಾಳಿಯೂ ಆವಿಯೂ ಹಿಗ್ಗಿ ಎರಡು ಮೂರು ನಿಮಿಷಗಳಲ್ಲಿ ಹಣ್ಣುಗಳು ಒಂದೊಂದಾಗಿ ಸಿಡಿಯತೊಡಗುತ್ತವೆ. ಆಗ ಉರಿ ತಗ್ಗಿಸಿ, ಒಟ್ಟು ಹತ್ತು ನಿಮಿಷದೊಳಗೆ ಇಳಿಸಬೇಕು. ಒಲೆಯ ಮೇಲಿರುವಾಗ ಸಾಸ್ ನೀರಾಗಿ ಕಾಣುವುದರಿಂದ ಇನ್ನೂ ಕುದಿಸುವ ಆಸೆಯಾಗುತ್ತದೆ, ಅಡುಗೆ ಕೆಡುವುದು ಇಲ್ಲಿಯೇ. ಹಣ್ಣಿನ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟಿನಂಶ ಸಿಡಿತದಿಂದ ನೀರಿಗಿಳಿಯುತ್ತದೆ. ಆಮ್ಲವು ಪೆಕ್ಟಿನ್ ಎಳೆಗಳು ಒಂದನ್ನೊಂದು ದೂಡದಂತೆ ಮಾಡುತ್ತದೆ, ಸಕ್ಕರೆ ಸುತ್ತಲಿನ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ತಣ್ಣಗಾದಂತೆ ಎಳೆಗಳು ಹೆಣೆದುಕೊಂಡು ಬಲೆಯಾಗಿ ಸಾಸ್ ತಾನೇ ಬಿಗಿಯುತ್ತದೆ. ಅತಿಯಾಗಿ ಕುದಿಸಿದರೆ ಆ ಎಳೆಗಳೇ ತುಂಡಾಗಿ ಹಿಡಿತ ಹೋಗುತ್ತದೆ, ಸಕ್ಕರೆ ತೀರಾ ಕಡಮೆ ಮಾಡಿದರೂ ಬಿಗಿ ಬರುವುದಿಲ್ಲ. ಕಿತ್ತಳೆಯ ರಸ ಮತ್ತು ಸಿಪ್ಪೆಯ ತುರಿ, ಶುಂಠಿ, ಚಕ್ಕೆ, ಲವಂಗ ಸೇರಿಸುವುದು ಅವರವರ ರುಚಿ. ತಣ್ಣಗಿನ ಪೆಟ್ಟಿಗೆಯಲ್ಲಿ ಇದು ಎರಡು ವಾರದವರೆಗೆ ಚೆನ್ನಾಗಿರುತ್ತದೆ. ಹಸಿ ಹಣ್ಣನ್ನೇ ಹೆಪ್ಪುಗಟ್ಟಿಸಿಟ್ಟರೆ ವರ್ಷದವರೆಗೆ ಬಳಸಬಹುದು.

ಬೇಯಿಸದೆ, ಹಸಿ ಹಣ್ಣು ಮತ್ತು ಸಿಪ್ಪೆಸಹಿತ ಕಿತ್ತಳೆಯನ್ನು ಒರಟಾಗಿ ಅರೆದು ಸಕ್ಕರೆ ಬೆರೆಸುವ ರೆಲಿಷ್ ಎಂಬ ಪ್ರಕಾರವೂ ಇದೆ. ಹಸಿ ಹಣ್ಣನ್ನು ಈರುಳ್ಳಿ, ಹುಳಿಗೆನೆ, ಖಾರದ ಹಾರ್ಸ್‌ರ್ಯಾಡಿಷ್ ಗೆಡ್ಡೆಯೊಡನೆ ಅರೆದ ಗುಲಾಬಿ ಬಣ್ಣದ ರೆಲಿಷ್ ಒಂದನ್ನು ರೇಡಿಯೊ ನಿರೂಪಕಿ ಸೂಸನ್ ಸ್ಟಾಂಬರ್ಗ್ 1970ರ ದಶಕದಿಂದ ಪ್ರತಿ ಹಬ್ಬಕ್ಕೂ ಕೇಳುಗರಿಗೆ ಹೇಳುತ್ತ ಬಂದು ಪ್ರಸಿದ್ಧಗೊಳಿಸಿದರು. ರಷ್ಯದಲ್ಲಿ ಸಣ್ಣ ಹಣ್ಣಿನಿಂದ ಮೋರ್ಸ್ ಎಂಬ ಪಾನಕವನ್ನೂ ಪಿಷ್ಟ ಬೆರೆಸಿದ ಕಿಸೆಲ್ ಎಂಬ ಗಂಜಿಯಂಥ ಸಿಹಿಯನ್ನೂ ಮಾಡುತ್ತಾರೆ. ಸ್ವೀಡನ್ನಿನಲ್ಲಿ ಮಾಂಸದುಂಡೆಗಳ ಜೊತೆ ಕೊಡುವ ಕೆಂಪು ಹಣ್ಣಿನ ಪಾಕ ಹತ್ತಿರದ ಬಂಧುವಾದ ಲಿಂಗನ್‌ಬೆರಿಯದು.

ಭಾರತದಲ್ಲಿ ಕ್ರ್ಯಾನ್‌ಬೆರಿ ಬೆಳೆಯಾಗಿಲ್ಲ. ಬೆಂಗಳೂರಿನಂಥ ನಗರಗಳ ಅಂಗಡಿಗಳಲ್ಲಿ ದ್ರಾಕ್ಷಿ, ಗೋಡಂಬಿಗಳ ಪಕ್ಕದಲ್ಲಿ ಸಿಗುವುದು ಆಮದಾದ, ಸಕ್ಕರೆ ಹೀರಿಸಿ ಒಣಗಿಸಿದ ಹಣ್ಣು. 2023ರ ಸೆಪ್ಟೆಂಬರಿನಲ್ಲಿ ಭಾರತವು ಅಮೆರಿಕದ ಕ್ರ್ಯಾನ್‌ಬೆರಿ, ಬ್ಲೂಬೆರಿ ಮತ್ತು ಟರ್ಕಿ ಮಾಂಸದ ಮೇಲಿನ ಆಮದು ಸುಂಕ ಇಳಿಸಲು ಒಪ್ಪಿತು. ದೇಶದ ಕೆಲವೆಡೆ ಕವಳಿ ಹಣ್ಣನ್ನು, ಕರಾವಳಿಯವರ ಕರಂಡೆಯನ್ನು, ಭಾರತೀಯ ಕ್ರ್ಯಾನ್‌ಬೆರಿ ಎಂದು ಮಾರುವುದುಂಟು. ಹುಳಿ, ಒಗರು, ಪೆಕ್ಟಿನ್ ಮೂರರಲ್ಲೂ ಅದು ಹೋಲುತ್ತದೆಯಾದರೂ ಸಸ್ಯಶಾಸ್ತ್ರದಲ್ಲಿ ಅದು ಕಣಗಿಲೆಯ ಕುಟುಂಬದ್ದು, ಕ್ರ್ಯಾನ್‌ಬೆರಿಗೆ ಸಂಬಂಧವಿಲ್ಲ. ಅಮೆರಿಕ, ಕೆನಡಗಳಲ್ಲಿ ನೆಲೆಸಿದ ಕನ್ನಡಿಗರ ಅಡುಗೆಮನೆಯಲ್ಲಿ ಮಾತ್ರ ತಾಜಾ ಹಣ್ಣು ಹುಣಸೆಯ, ಮಾವಿನಕಾಯಿಯ ಜಾಗಕ್ಕೆ ಬಂದಿದೆ: ಚಿತ್ರಾನ್ನಕ್ಕೆ, ತೊವ್ವೆಗೆ, ಗೊಜ್ಜಿಗೆ, ಉಪ್ಪಿನಕಾಯಿಗೆ. ತೊಕ್ಕು ಮಾಡುವವರು ಧಾರಾಳವಾಗಿ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಇಂಗು ಹಾಕಿ, ಹಣ್ಣನ್ನು ಸುರಿದು ಒಡೆಯುವವರೆಗೆ ಬಾಡಿಸಿ, ಅರಿಶಿನ, ಉಪ್ಪು, ಅಚ್ಚಖಾರದ ಪುಡಿ, ಹುರಿದ ಮೆಂತ್ಯದ ಪುಡಿ, ಒಂದು ಚೂರು ಬೆಲ್ಲ ಸೇರಿಸಿ ಎಣ್ಣೆ ಬಿಡುವವರೆಗೆ ಕೈಯಾಡಿಸುತ್ತಾರೆ. ಸಾಸ್‌ನಲ್ಲಿ ಸಕ್ಕರೆ ಮಾಡುವ ಕಾಪಿಡುವ ಕೆಲಸವನ್ನು ಇಲ್ಲಿ ಉಪ್ಪು ಮತ್ತು ಎಣ್ಣೆ ಮಾಡುವುದರಿಂದ, ಮೇಲೆ ಎಣ್ಣೆ ನಿಂತಿರುವಂತೆ ನೋಡಿಕೊಂಡರೆ ಈ ತೊಕ್ಕು ಸಾಸ್‌ಗಿಂತ ಹೆಚ್ಚು ದಿನ ಬಾಳುತ್ತದೆ.